ಪ್ಲೆಕೊ ಬೀಗರು

ಸೆಲೂನಿನ ಎರಡು ಕನ್ನಡಿಗಳ ನಡುವೆ ಒಂದು ಗಾಜಿನ ತೊಟ್ಟಿ ಇತ್ತು. ಅದರೊಳಗೆ ಮರಳು, ಒಂದು ಮರದ ಬೊಡ್ಡೆ, ನಾಲ್ಕಾರು ಕಲ್ಲು, ಹಿಂದೆ ಮುಚ್ಚಿ ಮುಂದೆ ತೆರೆದ ಒಂದು ಮಣ್ಣಿನ ಕೊಳವೆ. ಮೀನು ಎಲ್ಲಿ ಎಂದು ಕೇಳದ ಗಿರಾಕಿಯಿಲ್ಲ. "ಇದೆ, ಸ್ವಲ್ಪ ನಾಚಿಕೆ ಜಾಸ್ತಿ" ಎನ್ನುತ್ತಿದ್ದ ಸೆಲೂನಿನಾತ. "ಕಲ್ಲು ಸಾಕೋಕೆ ಇಷ್ಟೊಂದು ನೀರು ಯಾಕಪ್ಪ?" ಎಂದು ಅಂಚೆಯವನು ಪ್ರತಿ ಸಲವೂ ಕೇಳುತ್ತಿದ್ದ, ಪ್ರತಿ ಸಲವೂ ತಾನೊಬ್ಬನೇ ನಗುತ್ತಿದ್ದ.

ಮೀನು ಇದ್ದದ್ದು ನಿಜ. ಬೆರಳುದ್ದದ ಜೀಬ್ರಾ ಪ್ಲೆಕೊ. ಬಿಳಿ ಮೈಮೇಲೆ ಯಾರೋ ಸ್ಕೇಲಿಟ್ಟು ಎಳೆದಂಥ ಕಪ್ಪು ಗೆರೆಗಳು, ಕಲ್ಲಿಗೆ ಕಚ್ಚಿಕೊಳ್ಳುವ ಬಾಯಿ, ಬೆಳಕು ಕಂಡರೆ ಬೇಡದ ನೆಂಟನನ್ನು ಕಂಡಂತೆ ಒಳಸೇರುವ ಸ್ವಭಾವ. ಸುಲಭಕ್ಕೆ ಸಿಗದ ಜಾತಿ. ಊರಿನಲ್ಲಿ ಇದ್ದದ್ದೇ ಮೂರು: ಒಂದು ಸೆಲೂನಿನಲ್ಲಿ, ಒಂದು ಎದುರಿನ ಗಡಿಯಾರ ರಿಪೇರಿ ಅಂಗಡಿಯಲ್ಲಿ, ಇನ್ನೊಂದು ಔಷಧಿ ಅಂಗಡಿಯವರ ಮನೆಯಲ್ಲಿ.

ಈ ಮೀನಿನಲ್ಲಿ ಗಂಡು ಹೆಣ್ಣು ಗುರುತಿಸುವುದು ಗಡ್ಡದಿಂದ. ಬೆಳೆದ ಗಂಡಿಗೆ ಕೆನ್ನೆಯ ಪಕ್ಕ ಒರಟು ಕೂದಲಿನಂಥ ಮುಳ್ಳುಗಳು ಏಳುತ್ತವೆ. ಸೆಲೂನಿನಾತ ತನ್ನ ಮೀನನ್ನು ಒಮ್ಮೆ ನೋಡಿ ತೀರ್ಪು ಕೊಟ್ಟುಬಿಟ್ಟಿದ್ದ. "ಗಡ್ಡ ನೋಡ್ಕೊಂಡೇ ಹೊಟ್ಟೆ ಹೊರೆದಿರೋನು ನಾನು. ಇದರ ಕೆನ್ನೆ ಬೆಣ್ಣೆ ಇದ್ದ ಹಾಗಿದೆ. ಹೆಣ್ಣು." ಗಡಿಯಾರದಾತ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ತನ್ನದನ್ನು ನೋಡಿದ. "ಆಹಾ, ಏನ್ ಗಡ್ಡ! ಗಂಡು." ಹೀಗೆ ಸಂಬಂಧ ಕುದುರಿತು.

ಗಡಿಯಾರದಾತನ ತೊಟ್ಟಿ ಮೂಲೆಯಲ್ಲಿ ಸೋರುತ್ತಿದ್ದುದರಿಂದ ಗಂಡೇ ಹೆಣ್ಣಿನ ಮನೆಗೆ ಬಂದಿತು. ಅಂದಿನಿಂದ ಇಬ್ಬರೂ ಒಬ್ಬರಿಗೊಬ್ಬರು 'ಬೀಗರೇ'. ಮೊದಮೊದಲು ತಮಾಷೆಗೆ. ಆದರೆ ಬೀಗತನ ಬಹಳ ಕಾಲ ತಮಾಷೆಯಾಗಿ ಉಳಿಯುವ ವಸ್ತುವಲ್ಲ.

ಗಡಿಯಾರದಾತ ದಿನಾ ಬೆಳಿಗ್ಗೆ ಬರುವನು, ಗಂಡಿನ ಕಡೆಯವರ ಗತ್ತಿನಲ್ಲಿ ತೊಟ್ಟಿಯ ಪಕ್ಕದ ಮೊದಲ ಕುರ್ಚಿ ಹಿಡಿಯುವನು. ಅಲ್ಲಿ ಯಾರಾದರೂ ಸೋಪು ಹಚ್ಚಿಸಿಕೊಂಡು ಕೂತಿದ್ದರೆ ನೊರೆ ಸಮೇತ ಎರಡನೆಯ ಕುರ್ಚಿಗೆ ಸಾಗಬೇಕು.

"ಏನ್ ಬೀಗರೇ, ನೀರು ತಣ್ಣಗಿದ್ದ ಹಾಗಿದೆ? ನಮ್ಮ ಹುಡುಗ ಬೆಚ್ಚಗೆ ಬೆಳೆದವನು."

"ಈಗ್ತಾನೆ ನೋಡಿದೆ ಬೀಗರೇ, ಸರಿಯಾಗಿದೆ."

"ಮನೆಯಳಿಯ ಅಂತ ಸದರ ಮಾಡಬಾರದು ನೋಡಿ."

ಸೆಲೂನಿನಾತ ಹಲ್ಲು ಕಚ್ಚಿಕೊಂಡು ಬೀಗರ ಗಡ್ಡ ಕೆರೆದು ಕಳಿಸುವನು. ಹೆಣ್ಣು ಹೆತ್ತವರು ಬಗ್ಗಿ ನಡೆಯಬೇಕಲ್ಲ. ಅಳಿಯನಂತೂ ದಿನದಿಂದ ದಿನಕ್ಕೆ ಗುಂಡಗಾಗುತ್ತಿದ್ದ. "ಮಾವನ ಮನೆ ಊಟ ಹಿಡಿಸಿದೆ" ಎಂದು ತೋರಿಸಿದರೆ, "ಕೂತು ಕೂತು ಹೊಟ್ಟೆ ಬಂದಿದೆ" ಎಂಬ ಉತ್ತರ.

ಮೊಟ್ಟೆಯ ಸುಳಿವು ಮಾತ್ರ ಇಲ್ಲ. ಕೊನೆಗೊಂದು ದಿನ ಗಡಿಯಾರದಾತ ಕನ್ನಡಿಯಲ್ಲಿ ಕೆನ್ನೆ ಸವರಿಕೊಳ್ಳುತ್ತಾ ಹೇಳಿದ, "ಔಷಧಿ ಅಂಗಡಿಯವರ ಕಡೆಯಿಂದ ಸಂಬಂಧ ಬಂದಿದೆ ಬೀಗರೇ. ಅವರದೂ ಹೆಣ್ಣಂತೆ. ಭಾನುವಾರದವರೆಗೆ ನೋಡ್ತೀನಿ. ಏನೂ ಆಗಲಿಲ್ಲ ಅಂದ್ರೆ ಹುಡುಗನ್ನ ಕರ್ಕೊಂಡು ಹೋಗ್ತೀನಿ. ಬೇಜಾರು ಮಾಡ್ಕೋಬೇಡಿ."

ಬೇಜಾರೇನು, ಸೆಲೂನಿನಾತನ ಕೈಯಲ್ಲಿದ್ದ ಬಾಚಣಿಗೆಯೇ ಕೆಳಗೆ ಬಿತ್ತು. ಈ ಮೀನಿನ ಮರಿ ತನ್ನ ನೀರಿನಲ್ಲಿ ಹುಟ್ಟುವುದನ್ನು ಕಣ್ಣಾರೆ ನೋಡಬೇಕೆಂದು ಅವನು ವರ್ಷಗಟ್ಟಲೆ ಕಾದಿದ್ದ. ಈ ಜೋಡಿ ಮುರಿದರೆ ಇನ್ನೊಂದು ಗಂಡನ್ನು ಎಲ್ಲಿಂದ ತರುವುದು?

ಹೊಳೆಗೆ ಹೊಸ ಮಳೆಯ ನೀರು ಬಂದಾಗ ಪ್ಲೆಕೊಗಳಿಗೆ ಸಂಸಾರದ ನೆನಪಾಗುತ್ತದೆ ಎಂಬುದು ಸಾಕುವವರ ನಂಬಿಕೆ. ಆ ವಾರ ಸೆಲೂನಿನಾತ ತಂಬಿಗೆಯ ತಣ್ಣೀರನ್ನು ಬೆರಳಸಂದಿಯಿಂದ ಹನಿಹನಿಯಾಗಿ ಬಿಟ್ಟು ದಿನವೂ ಮಳೆ ಬರಿಸಿದ. ತೊಟ್ಟಿಗೆ ಕಪ್ಪು ಟವೆಲ್ ಹೊದಿಸಿದ. ರೇಡಿಯೊ ಬಾಯಿ ಮುಚ್ಚಿಸಿದ. ಗಿರಾಕಿಗಳು ತಮಗೆ ಬೇಕಾದ ಕಟಿಂಗನ್ನು ಪಿಸುಮಾತಿನಲ್ಲಿ ಹೇಳಬೇಕಾಯಿತು.

"ಯಾರಿಗಾದ್ರೂ ಹುಷಾರಿಲ್ವಾ?" ಎಂದು ಅಂಚೆಯವನೂ ದನಿ ತಗ್ಗಿಸಿದ.

"ಒಳಗೆ ದಂಪತಿ ಇದ್ದಾರೆ, ಸುಮ್ನಿರಿ."

ಕಾಫಿ ತಂದ ಹೆಂಡತಿ ಟವೆಲನ್ನೊಮ್ಮೆ, ಗಂಡನನ್ನೊಮ್ಮೆ ನೋಡಿದಳು. "ನಮ್ಮ ಮದುವೆಯಾದಾಗ ಬಾಗಿಲಿಗೊಂದು ಪರದೆ ಹಾಕ್ರೀ ಅಂತ ಆರು ತಿಂಗಳು ಬಡ್ಕೊಂಡೆ" ಎಂದಷ್ಟೇ ಹೇಳಿ ಲೋಟ ಇಟ್ಟು ಹೋದಳು.

ಭಾನುವಾರ ಗಡಿಯಾರದಾತ ಬಂದೇ ಬಂದ. ಒಂದು ಕೈಯಲ್ಲಿ ಹದ ಮಾಡಿದ ನೀರಿನ ಬಕೆಟ್ಟು, ಇನ್ನೊಂದರಲ್ಲಿ ಬಲೆ. ಟವೆಲ್ ಸರಿಸಿದರೆ ಅಳಿಯ ಬೊಡ್ಡೆಯ ಮೇಲೆ ಒಂಟಿಯಾಗಿ ಬಿದ್ದುಕೊಂಡಿದ್ದ. ಹೊಟ್ಟೆ ಬೆನ್ನಿಗೆ ಹತ್ತಿತ್ತು.

"ಅಯ್ಯಯ್ಯೋ, ನಮ್ಮ ಹುಡುಗ ಹೇಗೆ ಸೊರಗಿದ್ದಾನೆ! ಹೊಟ್ಟೆಗೆ ಹಾಕಿದ್ದೀರೋ ಇಲ್ವೋ?"

"ಮೊನ್ನೆವರೆಗೂ ಗುಂಡಗಿದ್ದ ಬೀಗರೇ..."

"ನಿಮ್ಮ ಹುಡುಗಿ ಎಲ್ಲಿ? ಗಂಡ ಈ ಸ್ಥಿತಿಯಲ್ಲಿರುವಾಗ ಒಳಗೆ ಆರಾಮಾಗಿ ಮಲಗಿದ್ದಾಳಾ?"

ಹೆಂಡತಿ ಟಾರ್ಚ್ ತಂದು ಕೊಳವೆಯೊಳಗೆ ಬಿಟ್ಟಳು. "ಕೂಗಾಡಬೇಡಿ. ಇಬ್ರೂ ಇಲ್ಲಿ ಬನ್ನಿ."

ಸೆಲೂನಿನಾತನ ಮೀನು ಕೊಳವೆಯ ಬಾಯಿಗೆ ಬಾಲ ಮಾಡಿ ಕೂತು ಬಿಡದೆ ರೆಕ್ಕೆ ಬೀಸುತ್ತಿತ್ತು. ಅದರ ಹೊಟ್ಟೆಯಡಿ ಹಳದಿ ಮಣಿಗಳ ಒಂದು ಗೊಂಚಲು.

ಬೀಗರಿಬ್ಬರೂ ತಬ್ಬಿಕೊಂಡರು. ಎರಡನೆಯ ಕುರ್ಚಿಯಿಂದ ಅಂಚೆಯವನು ಅರ್ಧ ನೊರೆಯಲ್ಲೇ ಎದ್ದು ಬಂದು ಇಣುಕಿದ. "ಪಾಪ, ತಾಯಿ ಹೇಗೆ ಕಾವು ಕೂತಿದ್ದಾಳೆ ನೋಡಿ!"

ಆ ಮಾತಿಗೆ ಅಪ್ಪುಗೆ ತಾನಾಗಿ ಸಡಿಲವಾಯಿತು. ಪ್ಲೆಕೊ ಸಾಕುವವರಿಗೆಲ್ಲ ಗೊತ್ತಿರುವ ಸಂಗತಿ ಅದು: ತಾಯಿ ಮೊಟ್ಟೆಯಿಟ್ಟು ತನ್ನ ದಾರಿ ಹಿಡಿಯುತ್ತಾಳೆ. ಕೂತು ಗಾಳಿ ಹಾಕುವವನು ಅಪ್ಪ.

ಸೆಲೂನಿನಾತ ಟಾರ್ಚನ್ನು ಕೊಳವೆಗೆ ಓರೆ ಹಿಡಿದ. ಬೆಣ್ಣೆಯಂಥ ಕೆನ್ನೆಯ ಪಕ್ಕ ಚೊಕ್ಕವಾದ ಕುರುಚಲು. "ತಡವಾಗಿ ಬರುತ್ತೆ ಕಣೋ, ಅವಸರ ಯಾಕೆ" ಎಂದು ಇದೇ ಕುರ್ಚಿಯಲ್ಲಿ ತಾನು ಸಮಾಧಾನ ಹೇಳಿ ಕಳಿಸಿದ ನುಣುಪು ಕೆನ್ನೆಯ ಹುಡುಗರೆಲ್ಲ ಅವನಿಗೆ ಸಾಲಾಗಿ ನೆನಪಾದರು.

"ಆದ್ರೆ ನಮ್ಮ ಹುಡುಗನ ಗಡ್ಡ ನಾನೇ ಕಣ್ಣಾರೆ ನೋಡಿದ್ದೀನಿ!" ಎಂದ ಗಡಿಯಾರದಾತ.

"ಆ ಭೂತಗನ್ನಡಿಯಲ್ಲಿ ನೋಡಿದ್ರೆ ನನಗೂ ಗಡ್ಡ ಇದೆ ಅಣ್ಣ" ಎಂದಳು ಹೆಂಡತಿ.

ಸೆಲೂನಿನಾತ ನಿಧಾನವಾಗಿ ನಡೆದು ಮೊದಲ ಕುರ್ಚಿಯಲ್ಲಿ ಕೂತು ಕಾಲ ಮೇಲೆ ಕಾಲು ಹಾಕಿದ. "ಬೀಗರೇ, ನಿಮ್ಮ ಹುಡುಗಿ ಮಕ್ಕಳನ್ನ ಬಿಟ್ಟು ಬೊಡ್ಡೆ ಮೇಲೆ ಗಾಳಿ ತಗೊಳ್ತಿದ್ದಾಳೆ. ನಮ್ಮ ಹುಡುಗ ಒಬ್ಬನೇ ಒಳಗೆ ಸಾಯ್ತಿದ್ದಾನೆ. ಇದೇ ಏನು ನೀವು ಬೆಳೆಸಿರೋದು?"

ಗಡಿಯಾರದಾತನೇನು ಕಡಿಮೆಯವನಲ್ಲ. "ಹಾಗೋ? ಸರಿ ಬಿಡಿ. ಹಾಗಾದ್ರೆ ಬಾಣಂತನ ತವರುಮನೇಲಿ" ಎಂದು ಬಲೆ ಎತ್ತಿದ.

ಸೆಲೂನಿನಾತ ಕುರ್ಚಿಯಿಂದ ಯಾವಾಗ ಎದ್ದನೋ ಅವನಿಗೇ ತಿಳಿಯಲಿಲ್ಲ. "ಬೇಡಿ ಬೀಗರೇ, ಕೈ ಮುಗೀತೀನಿ. ಬಲೆ ಕಂಡು ಬೆದರಿದ್ರೆ ಅಪ್ಪ ಮೊಟ್ಟೆ ಎಲ್ಲ ಹೊರಗೆ ತಳ್ಳಿಬಿಡ್ತಾನೆ. ನಿಮಗೆ ಗೊತ್ತಿಲ್ಲದ್ದೇ?"

ಗಡಿಯಾರದಾತ ಬಗ್ಗಿ ಕೊಳವೆಯನ್ನು ನೋಡಿದ. ಈ ಸಲ ಬರಿಗಣ್ಣಿನಲ್ಲಿ. ಬಾಲ ಅತ್ತ, ಬಾಲ ಇತ್ತ. ಕೀಲಿ ಕೊಟ್ಟ ಹೊಸ ಗಡಿಯಾರದ ಲೋಲಕಕ್ಕೂ ಅಷ್ಟು ನಿಯತ್ತು ಇರಲಿಲ್ಲ. ಬಹಳ ಹೊತ್ತು ನೋಡಿ ಬಲೆಯನ್ನು ಕೆಳಗಿಟ್ಟ.

"ಹುಡುಗ ಪರವಾಗಿಲ್ಲ. ಕೆಲಸಗಾರ" ಎಂದ. ಆಮೇಲೆ ಬಕೆಟ್ಟನ್ನು ಕಾಲಿನಿಂದ ಮುಂದೆ ಸರಿಸಿದ. "ನೀರು ಹದ ಮಾಡಿ ತಂದಿದ್ದೀನಿ, ದಂಡ ಮಾಡಬೇಡಿ. ಮೊಮ್ಮಕ್ಕಳಿಗೆ ಬೇಕಾಗುತ್ತೆ."

ಮರುದಿನ ಬೆಳಿಗ್ಗೆ ಗಡಿಯಾರದಾತ ಬಂದು ಗಿರಾಕಿಗಳ ಬೆಂಚಿನ ತುದಿಯಲ್ಲಿ ಕೂತ. ಸೆಲೂನಿನಾತ ಮೊದಲ ಕುರ್ಚಿಯನ್ನು ಟವೆಲಿನಿಂದ ಎರಡು ಸಲ ಕೊಡವಿದ. "ಬನ್ನಿ ಬೀಗರೇ, ಇದೇನು ಹೊಸದಾಗಿ."

ಕೂರಿಸಿ, ಕೊರಳಿಗೆ ಬಟ್ಟೆ ಕಟ್ಟಿ, ನೊರೆ ಹಚ್ಚಿದ. ಕತ್ತಿ ಗಂಟಲ ಗುಬುಟಿನ ಮೇಲೆ ಬರುವವರೆಗೂ ಒಂದು ಮಾತೂ ಆಡಲಿಲ್ಲ.

"ಇನ್ನು, ನಿಮ್ಮ ಹುಡುಗಿಯ ನಡವಳಿಕೆ ವಿಷಯ..." ಎಂದು ಆರಂಭಿಸಿದ.

ಗಡಿಯಾರದಾತ ಅಲುಗದೆ ಕೇಳಿಸಿಕೊಂಡ.