ನೀಲಿ ಕಾರು, ಹಳದಿ ಕಾರು ಮತ್ತು ಅಕ್ಕ

ಅಕ್ಕನನ್ನು ಮೊದಲ ಸಲ ಕಂಡಾಗ ನಾನು ಅವರ ಮುಖಕ್ಕೆ ನೀರೆರಚಿದೆ. ಕಾರುಗಳ ಬಗೆಗಿನ ಪತ್ರಿಕೆಯೊಂದರಲ್ಲಿ ಕೆಲಸ ಸಿಕ್ಕಿ, ಇಸ್ತ್ರಿಯ ಬಿಸಿ ಆರದ ಅಂಗಿ ತೊಟ್ಟು ಕಚೇರಿಯ ಹಿಂಬದಿಯ ಅಂಗಳಕ್ಕೆ ಕಾಲಿಟ್ಟ ದಿನ ಅದು. ನಿಂತ ಕಾರೊಂದರಲ್ಲಿ ಹೆಂಗಸೊಬ್ಬರು ಕಣ್ಣು ಮುಚ್ಚಿ, ಕೊರಳು ವಾಲಿಸಿ, ಕೈಕಾಲು ಅದುರಿಸುತ್ತ ಕೂತಿದ್ದರು. ಮೂರ್ಛೆರೋಗವೇ ಇರಬೇಕೆಂದು ಕೈಲಿದ್ದ ನೀರಿನ ಬಾಟಲಿಯನ್ನು ಪೂರ್ತಿ ಬರಿದುಮಾಡಿದೆ. ಅವರು ಒದ್ದೆ ರೆಪ್ಪೆ ತೆರೆದು, "ಪುಣ್ಯಾತ್ಮ, ಇನ್ನೊಂದೇ ತಿರುವು ಬಾಕಿ ಇತ್ತು" ಎಂದರು. ಮಾರನೆಯ ದಿನ ಓಡಿಸಬೇಕಾದ ಟ್ರ್ಯಾಕನ್ನು ಮನಸ್ಸಿನಲ್ಲೇ ಸುತ್ತುತ್ತಿದ್ದರಂತೆ. ಕಾರುಗಳ ವಿಷಯದಲ್ಲಿ ನನಗಿದ್ದ ಪಾಂಡಿತ್ಯ ಆ ನೀರಿನ ಜೊತೆಗೇ ಕೊಚ್ಚಿಹೋಯಿತು.

ಪುಟ್ಟ ಮೈಯ, ಪುಂಡ ಎಂಜಿನ್ನಿನ ಕಾರುಗಳನ್ನು ಜೋಡಿಜೋಡಿಯಾಗಿ ಓಡಿಸಿ, ವೇಗ, ಹಿಡಿತ, ಚೆಲುವು ಈ ಮೂರರಲ್ಲಿ ಯಾವುದು ಮೇಲೆಂದು ತೀರ್ಪು ಕೊಡುವುದು ಅವರ ವೃತ್ತಿ. ಆ ತೀರ್ಪಿಗೆ ಅಲ್ಪವಿರಾಮ ಹಾಕುವುದು ನನ್ನದು. ವಯಸ್ಸಿನಲ್ಲಿ ಹಿರಿಯರಾದ ಸಂಪಾದಕರಿಗೂ ಅವರು ಅಕ್ಕನೇ. ಕಚೇರಿಯ ಓಣಿಯ ತಿರುವಿನಲ್ಲೂ ರೇಸಿನ ಕಾರಿನಂತೆ ಹೊರಗೋಡೆಯಿಂದ ಹೊರಟು, ಒಳಮೂಲೆಯನ್ನು ಭುಜದಲ್ಲಿ ಸವರಿ, ಮತ್ತೆ ಹೊರಗೋಡೆಗೆ ಹಾಯುವ ಅವರ ನಡಿಗೆಯಿಂದಾಗಿ ಎದುರು ಬಂದವರ ಕೈಯ ಚಹಾ ಅವರವರ ಅಂಗಿಯ ಪಾಲಾಗುತ್ತಿತ್ತು. ಮೊಣಕೈ ಸವೆದ ಕಂದು ಕೋಟು. ಕಾಗದದಷ್ಟು ತೆಳ್ಳನೆಯ ಅಡಿಯ ಬೂಟು. ಕುರ್ಚಿಯಲ್ಲಿ ಕೂತರೂ ಅವರ ಬಲಗಾಲು ಅಲ್ಲಿಲ್ಲದ ಬ್ರೇಕನ್ನು ಹುಡುಕುತ್ತಿತ್ತು, ಎದ್ದರೆ ಕುರ್ಚಿ ಅವರನ್ನು ಹುಡುಕುತ್ತಿತ್ತು. ಮನುಷ್ಯರನ್ನೂ ಅವರು ಕಾರಿನ ಲೆಕ್ಕದಲ್ಲೇ ತೂಗುತ್ತಿದ್ದರು. ಹೊಟ್ಟೆ ಮುಂದಿಟ್ಟು ಬರುವ ಸಂಪಾದಕರು "ಮುಂಭಾರ ಜಾಸ್ತಿ", ನಾನು "ಹಾರನ್ ಜೋರು, ಪಿಕಪ್ ಇಲ್ಲ."

ಅವರದೊಂದು ಹಟದ ಪದ್ಧತಿಯಿತ್ತು. ಒಂದು ಕಾರಿನಿಂದ ಇಳಿದವರು ಇನ್ನೊಂದನ್ನು ಹತ್ತುವ ಮೊದಲು ಬೂಟು ಕೈಯಲ್ಲಿ ಹಿಡಿದು ಇಡೀ ಟ್ರ್ಯಾಕನ್ನು ಬರಿಗಾಲಲ್ಲಿ ಸುತ್ತಿ ಬರಬೇಕು. "ಮೊದಲಿನ ಕಾರು ಕಾಲಿಂದ ಇಳೀಬೇಕು ಕಣೋ. ಇಲ್ಲದಿದ್ರೆ ಇದರ ಪೆಡಲ್ ಮೇಲೆ ಅದರ ಕಾಲು ಬೀಳುತ್ತೆ" ಎನ್ನುತ್ತಿದ್ದರು.

ನೀಲಿ ಕಾರನ್ನೂ ಹಳದಿ ಕಾರನ್ನೂ ಎದುರುಬದುರು ನಿಲ್ಲಿಸಿದ ದಿನ ಹವೆಯಲ್ಲೇ ಏನೋ ತಳಮಳವಿತ್ತು. ಅಕ್ಕನ ಕೈ ನಿಧಾನವಾಗುತ್ತಿದೆಯೆಂಬ ಪಿಸುಮಾತು ಕಚೇರಿಯನ್ನೆಲ್ಲ ಸುತ್ತಿತ್ತು. ಸಂಪಾದಕರು ರೇಸ್ ಗೆದ್ದ ತರುಣನೊಬ್ಬನನ್ನು ಅವರ ಜಾಗಕ್ಕೆ ನೋಡಿಟ್ಟಿದ್ದರು, ಅದು ಅಕ್ಕನಿಗೂ ಗೊತ್ತಿತ್ತು. ನೀಲಿಯಿಂದ ಇಳಿದ ಅಕ್ಕ ಅಂದು ಬೂಟು ಬಿಚ್ಚಲಿಲ್ಲ. ಮಂಡಿಯನ್ನೊಮ್ಮೆ ಒತ್ತಿಕೊಂಡು ನೇರವಾಗಿ ಹಳದಿಯೊಳಗೆ ಕೂತರು. ಚಿಟಿಕೆ ಹೊಡೆಯುವಷ್ಟರ ಅಂತರದಲ್ಲಿ ಗಡಿಯಾರ ನೀಲಿಯನ್ನು ಗೆಲ್ಲಿಸಿತು. ಮತ್ತೊಮ್ಮೆ ಓಡಿಸೋಣವೆಂದರೆ ಹಳದಿಯನ್ನು ಕಂಪನಿಯವರು ಲಾರಿಗೇರಿಸಿ ಒಯ್ದಾಗಿತ್ತು.

ಮರುದಿನ ಅಕ್ಕ ನನ್ನ ಮೇಜಿನ ಸುತ್ತ ಸುತ್ತುತ್ತ ಬರೆಸಿದರು. "ನೀಲಿ, ನೇರ ದಾರೀಲಿ ಬಾಣ. ನೋಡೋಕೆ ಮದುಮಗ. ತಿರುವು ಬಂತೋ, ಕತ್ತು ಹೊರಳಿಸೋಕೂ ಬಿಗುಮಾನ. ಹಳದೀದು ಕಪ್ಪೆ ಮೂತಿ. ಆದ್ರೆ ನೀನು ತಿರುವನ್ನ ನೆನೆಸ್ಕೊಂಡ್ರೆ ಸಾಕು, ಅದಾಗಲೇ ತಿರುಗಿರುತ್ತೆ."

"ಹಾಗಾದ್ರೆ ಗೆದ್ದಿದ್ದು?"

"ಹಳದಿ."

"ಗಡಿಯಾರ ನೀಲಿ ಅಂತಿದೆಯಲ್ಲ, ಅಕ್ಕ!"

ಬಾಗಿಲಲ್ಲಿ ನಿಂತಿದ್ದ ಸಂಪಾದಕರು ಸಂಧಾನಕ್ಕಿಳಿದರು. "ಹಳದಿಯ ಬ್ರೇಕ್ ಮೆತ್ತಗೆ ಅಂತ ಬರೆದ್ಬಿಡಿ ಅಕ್ಕ. ತಪ್ಪು ಕಾರಿನದಾಗಿ ನಿಮ್ಮ ಮಾನವೂ ಉಳೀತು. ಕಾರೇನು ಬಂದು ಜಗಳಕ್ಕೆ ನಿಲ್ಲುತ್ತಾ?"

ಅಕ್ಕ ಕೂತರು, ಎದ್ದರು, ಕಿಟಕಿ ತೆರೆದರು, ಮುಚ್ಚಿದರು. ಆ ಒಂದು ಸಾಲು ಬರೆದರೆ ಅವರ ಕೆಲಸ ಉಳಿಯುತ್ತಿತ್ತು. ಅದನ್ನು ಬರೆಯಲು ನನ್ನ ಬೆರಳುಗಳೂ ತಯಾರಾಗಿದ್ದವು ಅನ್ನಿ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಆ ಲೆಕ್ಕದಲ್ಲಿ ನನ್ನಂಥ ಸಂಬಳಗಾರರು ಓಡಾಡುವ ನೆಲವೆಲ್ಲ ಡೊಂಕೇ. ತಡವಾದರೆ ಬಸ್ಸು ಕಾರಣ, ತಪ್ಪಾದರೆ ಕಂಪ್ಯೂಟರ್ ಕಾರಣ. ಆದರೆ ಜಗತ್ತಿನಲ್ಲಿ ಇನ್ನೊಂದು ಕುಲದವರಿದ್ದಾರೆ. ನಿರ್ಜೀವ ವಸ್ತುವಿನೊಡನೆ ಬಾಳಿ ಬಾಳಿ ಅದರ ಮರ್ಯಾದೆಯನ್ನು ತಮ್ಮ ಮರ್ಯಾದೆಗಿಂತ ಒಂದು ಮೆಟ್ಟಿಲು ಮೇಲಿಟ್ಟವರು. ಮಾತು ಬಾರದ ಯಂತ್ರದ ಮೇಲೆ ಚಾಡಿ ಹೇಳಲಾರದವರು. ಇಂಥವರು ಎಲ್ಲಿಯೂ ನೆಮ್ಮದಿಯಾಗಿ ಕೂರಲಾರರು, ಪಕ್ಕದವರನ್ನೂ ಕೂರಲು ಬಿಡರು.

ಕೇಳಬಾರದೆಂದುಕೊಂಡೇ ಕೇಳಿದೆ: "ಅಕ್ಕ, ನಿಜ ಹೇಳಿ. ನಿಧಾನ ಆಗಿದ್ದು ಹಳದಿಯೋ, ನೀವೋ?"

"ನಾನೇ. ಮಂಡಿ ನೋವು ಅಂತ ನಡೀದೆ ಹತ್ತಿದೆ, ನೀಲಿಗೆ ತುಳಿಯೋ ಜಾಗದಲ್ಲೇ ಹಳದಿಗೂ ಬ್ರೇಕ್ ತುಳಿದೆ, ಅದಕ್ಕೆ ಅಷ್ಟು ಬೇಗ ಬೇಕಿರಲಿಲ್ಲ. ಮುಖ ಏನು ನೋಡ್ತೀಯ? ಹಾಗೇ ಬರಿ."