ಒಂದು ಬೆರಳು ಸಾಕು

"ಎಡಗೈ ಅಷ್ಟೊಂದು ಓಡಾಡಿಸ್ಬೇಡಿ ಮೇಡಂ," ಎಂದ ವಾದ್ಯದಂಗಡಿಯವನು. "ಒಂದು ಬೆರಳು ಸಾಕು."

ಅವಳ ಕಿವಿ ಬಿಸಿಯಾಯಿತು. ಆ ಎಡಗೈಗೆ ಬುದ್ಧಿ ಕಲಿಸುವುದರಲ್ಲೇ ಅವಳ ಬಾಲ್ಯ ಸವೆದಿತ್ತು. ಓರಗೆಯವರೆಲ್ಲ ಬೀದಿಯಲ್ಲಿ ಕುಣಿಯುತ್ತಿದ್ದಾಗ ಟೀಚರಮ್ಮನ ಮನೆಯ ಪಿಯಾನೋ ಮುಂದೆ ಕೂತು, ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಎಡಗೈಯೊಂದರಲ್ಲೇ ನುಡಿಸಿ ನುಡಿಸಿ, ಅದು ಬಲಗೈಗೆ ಎದುರುತ್ತರ ಕೊಡುವಷ್ಟು ಪಳಗಿಸಿದ್ದಳು. ಈಗ ಈ ಅಂಗಡಿಯಲ್ಲಿ, ಆ ಪಳಗಿದ ಕೈಯಿಂದಲೇ ಎಡವಟ್ಟಾಗಿತ್ತು.

ಅವಳೆದುರು ಇದ್ದದ್ದು ಅರೇಂಜರ್ ಕೀಬೋರ್ಡ್. ಎಡಗಡೆ ಒಂದು ಸ್ವರ ಒತ್ತಿದರೆ ಡ್ರಮ್ಮು, ಬೇಸ್ ಗಿಟಾರು, ಪಿಟೀಲುಗಳ ಹಿಂಡು ಎಲ್ಲವೂ ತಾವಾಗಿಯೇ ಅದರ ಬೆನ್ನು ಹತ್ತುತ್ತವೆ. ಇನ್ನೊಂದು ಸ್ವರ ಒತ್ತಿದರೆ ಹೊಸ ಅಪ್ಪಣೆಯಾಯಿತೆಂದು ಎಲ್ಲವೂ ಆ ಕಡೆ ತಿರುಗುತ್ತವೆ. ಇದು ತಿಳಿಯದೆ ಅವಳ ಎಡಗೈ ರೂಢಿಯಂತೆ ಮೆಟ್ಟಿಲಿಳಿಯುವ ಹಾಗೆ ಒಂದೊಂದೇ ಸ್ವರ ಇಳಿಯುತ್ತ ಹೋಗಿತ್ತು. ಪ್ರತಿ ಮೆಟ್ಟಿಲಿಗೂ ಇಡೀ ಮೇಳ ಎದ್ದೆನೋ ಬಿದ್ದೆನೋ ಎಂದು ದಿಕ್ಕು ಬದಲಿಸಿ, ಅಂಗಡಿಯಲ್ಲಿ ದೊಂಬಿ ಎದ್ದಂತಾಗಿತ್ತು. ಗಿಟಾರಿನ ತಂತಿ ಕೊಳ್ಳಲು ಬಂದವರು ಕೂಡ ತಿರುಗಿ ನೋಡಿದ್ದರು.

ಹಿಂದೆ ನಿಂತಿದ್ದ ತಮ್ಮ ಕಿಸಕ್ಕನೆ ನಕ್ಕ.

ತಮ್ಮನನ್ನು ಮನೆಯವರೆಲ್ಲ ಕರೆಯುವುದು ಗಡಿಬಿಡಿ ಎಂದೇ. ಊಟ ಗಡಿಬಿಡಿ, ಮಾತು ಗಡಿಬಿಡಿ. ಡ್ರಮ್ಮಿನ ಮುಂದೆ ಕೂತನೆಂದರೆ ಕೇಳುವುದೇ ಬೇಡ, ಹಾಡು ಅರ್ಧ ಮುಗಿಯುವಷ್ಟರಲ್ಲಿ ತಾಳ ಬೆಂಕಿ ಬಿದ್ದ ಮನೆಯಿಂದ ಹೊರಟವರ ಹಾಗೆ ಓಡತೊಡಗುತ್ತದೆ. "ಓಡ್ಬೇಡ!" ಎಂದು ಹಲ್ಲು ಕಚ್ಚಿಕೊಂಡು ಗದರುತ್ತಲೇ ಅಕ್ಕ ಇಷ್ಟು ಕಾಲ ಅವನ ಜೊತೆ ಊರಿನ ಒಂದು ಹೋಟೆಲಿನ ಊಟದ ಹಾಲ್‌ನಲ್ಲಿ ಪಿಯಾನೋ ನುಡಿಸಿದ್ದಳು.

ಹೋಟೆಲಿನ ಮ್ಯಾನೇಜರಿಗೆ ಕೆಲಸದವರು ಇಟ್ಟಿದ್ದ ಹೆಸರು ನಗುಮುಖ. ಸಂಬಳ ಕಡಿತ ಮಾಡಿದರೂ ನಗು, ಮನೆಗೆ ಕಳಿಸಿದರೂ ನಗು. ಹಿಂದಿನ ವಾರ ಅವಳನ್ನು ಕರೆದು ಹಾಗೇ ನಗುತ್ತ ಹೇಳಿದ್ದರು: "ಪಿಯಾನೋ ಜಾಗದಲ್ಲಿ ಇನ್ನೆರಡು ಟೇಬಲ್ ಹಿಡೀತವೆ. ನೀವೊಂದು ಅರೇಂಜರ್ ತಗೊಂಡ್ಬಿಡಿ. ಒಬ್ರೇ ಇಡೀ ಬ್ಯಾಂಡ್! ನಿಮ್ಮನ್ನ ಬಿಡೋ ಮಾತೇ ಇಲ್ಲ. ತಮ್ಮನಿಗೆ ಮಾತ್ರ... ನೀವೇ ಹೇಳ್ಬಿಡ್ತೀರಲ್ಲ?"

ನೀವೇ ಹೇಳ್ಬಿಡ್ತೀರಲ್ಲ. ವಾರ ಕಳೆದರೂ ಆ ಮಾತನ್ನು ಅವಳು ತಮ್ಮನಿಗೆ ಹೇಳಿರಲಿಲ್ಲ. ತನ್ನ ಒಡಹುಟ್ಟಿದವನನ್ನು ಹೊರಗೆ ಹಾಕುವ ಪೆಟ್ಟಿಗೆಯನ್ನು ತಾನೇ ಕೊಂಡು, ತಾನೇ ಹೊತ್ತು ತಂದು, ಅದರ ಮುಂದೆ ತಾನೇ ನಗುತ್ತ ಕೂರಬೇಕು.

"ಇನ್ನೊಮ್ಮೆ ಮಾಡಿ ಮೇಡಂ," ಎಂದ ಅಂಗಡಿಯವನು. "ಎಡಗೈ ಇಲ್ಲಿ ಸುಮ್ನೆ ಇಡಿ. ಬಾಕಿ ಎಲ್ಲಾ ಇದೇ ನೋಡ್ಕೊಳ್ಳುತ್ತೆ."

"ನಾನು ಯಾಕೆ ಹಾಗಿದ್ರೆ? ಇದನ್ನೇ ಕೂರಿಸಿ ಊಟ ಹಾಕಿ!"

ಅಂಗಡಿಯವನು ಪಾಪ ನಕ್ಕುಬಿಟ್ಟ. ತಮಾಷೆ ಎಂದುಕೊಂಡಿರಬೇಕು. "ಒಂದು ಸಂಜೆ ಹೋಟೆಲಲ್ಲೇ ಇಟ್ಟು ನೋಡಿ ಮೇಡಂ. ಹಿಡಿಸ್ಲಿಲ್ಲ ಅಂದ್ರೆ ಬೆಳಿಗ್ಗೆ ಬಂದು ವಾಪಸ್ ತಗೊಂಡೋಗ್ತೀನಿ."

ಬೇಡ ಎನ್ನಲು ಅವಳು ಬಾಯಿ ತೆರೆಯುವ ಮೊದಲೇ ತಮ್ಮ "ಆಯ್ತು, ಕೊಡಿ" ಎಂದುಬಿಟ್ಟ. ಅದರಲ್ಲೂ ಗಡಿಬಿಡಿ.

ಬೀದಿಗೆ ಕಾಲಿಟ್ಟದ್ದೇ ತಡ, ಅವಳು ಸಿಡಿದಳು. "ನಗು ಬಂತಾ ನಿಂಗೆ? ನಿನ್ನ ಅನ್ನ ಕಿತ್ಕೊಳ್ಳೋ ಪೆಟ್ಟಿಗೆ ನೋಡಿ ನಗ್ತೀಯಾ?"

"ನಂದು ಹೋಗಾಯ್ತು ಅಕ್ಕ. ನಿಂದಾದ್ರೂ ಉಳೀಲಿ."

"ಹೋಗಾಯ್ತು ಅಂತ ನಾನು ಹೇಳಿದ್ನಾ?"

"ನೀನು ಹೇಳ್ಲಿಲ್ಲ. ನಗುಮುಖ ಹೇಳಿದ್ರು. ನೀನು ವಾರದಿಂದ ಹೇಳದೇ ಇದ್ದದ್ದು ನೋಡಿ ಅವರೇ ಕರೆದು ಹೇಳಿದ್ರು." ಅವನು ಅವಳಿಗಿಂತ ಮುಂದೆ ಮುಂದೆ ನಡೆಯುತ್ತ, ತಿರುಗಿ ನೋಡದೆ ಮಾತಾಡುತ್ತಿದ್ದ. "ಒಂದು ಕೆಲಸ ಮಾಡೋಣ. ನನ್ನ ಡ್ರಮ್ಮೇ ಅದ್ರೊಳಗೆ ರೆಕಾರ್ಡ್ ಮಾಡ್ಕೊಡ್ತೀನಿ. ತಾಳ ತಪ್ಪಿದ್ರೂ ಅದೇ ಸರಿ ಮಾಡ್ಕೊಳ್ಳುತ್ತಂತೆ. ನಿಂಗೆ ಬೇಕಾದಂಥ ತಮ್ಮ ಸಿಕ್ದಂಗಾಗುತ್ತೆ, ಓಡದೇ ಇರೋನು."

"ಬಾಯ್ಮುಚ್ಚು!"

ಹಣ್ಣಿನ ಗಾಡಿಯವಳು ಬೆಚ್ಚಿ ನೋಡಿದಳು. ತಮ್ಮನಿಗೆ ಸಿಟ್ಟೇ ಬರುತ್ತಿಲ್ಲವಲ್ಲ ಎಂಬುದೇ ಅಕ್ಕನ ಸಿಟ್ಟಿಗೆ ತುಪ್ಪ ಸುರಿದಿತ್ತು. ಇಬ್ಬರ ಪಾಲಿನ ಸಿಟ್ಟನ್ನೂ ತಾನೊಬ್ಬಳೇ ಹೊರಬೇಕೇ? ಅದರ ಅಡಿಯಲ್ಲಿ ಇನ್ನೊಂದು ಹುಳ ಕೊರೆಯುತ್ತಿತ್ತು: ತಾನು ಬೇಡವೆನ್ನುತ್ತಿರುವುದು ತಮ್ಮನಿಗಾಗಿಯೋ, ಇಲ್ಲ ಎಡಗೈಯ ಜಂಭಕ್ಕೋ? ಕೆಲಸ ಬಿಟ್ಟರೆ ಇಬ್ಬರೂ ಬೀದಿಗೆ. ಇಟ್ಟುಕೊಂಡರೆ ಒಬ್ಬಳಾದರೂ ಇನ್ನೊಬ್ಬನಿಗೆ ಆಸರೆಯಾಗಬಹುದು. ಇದು ಅವಳಿಗೆ ಗೊತ್ತಿರಲಿಲ್ಲವೆಂದೇನೂ ಅಲ್ಲ.

ಮರುದಿನ ಸಂಜೆ ಹಾಲ್‌ಗೆ ಬಂದಾಗ ಪಿಯಾನೋವನ್ನು ಗೋಡೆಗೆ ತಳ್ಳಿ, ಮೇಲೊಂದು ಮೇಜುಬಟ್ಟೆ ಹೊದಿಸಿ, ಅದರ ಮೇಲೆ ಕಪ್-ಸಾಸರುಗಳ ಗೋಪುರ ಕಟ್ಟಿದ್ದರು. ಬಾಯಿ ತೆರೆದರೆ ಕೂಗಾಡಿಬಿಡುತ್ತೇನೆಂದು ಅವಳು ಆ ಕಡೆ ನೋಡದೆ ಮುಂದೆ ನಡೆದಳು. ತಮ್ಮ ಕೀಬೋರ್ಡಿನ ಸ್ಟ್ಯಾಂಡ್ ಬಿಚ್ಚಿ ನಿಲ್ಲಿಸಿ, ತಂತಿ ಸಿಕ್ಕಿಸಿ, ಅಡುಗೆಮನೆಯ ಬಾಗಿಲ ಬಳಿ ಒಂದು ಸ್ಟೂಲ್ ಎಳೆದುಕೊಂಡು ಕೂತ. ಅವನ ಡ್ರಮ್ಮುಗಳು ಆಗಲೇ ಉಗ್ರಾಣ ಸೇರಿದ್ದವು.

ಅವಳು ಎಡಗೈಯನ್ನು ಕಟ್ಟಿಹಾಕಿದಂತೆ ಇಟ್ಟುಕೊಂಡು ನುಡಿಸಿದಳು. ಎಲ್ಲವೂ ಚೆನ್ನಾಗಿಯೇ ಹೋಯಿತು. ಅದೇ ಅವಳಿಗೆ ತಡೆಯಲಾಗದ್ದು. ಪಿಟೀಲುಗಳು ಉಕ್ಕಿದವು, ಬೇಸು ಗುಮ್ಮೆಂದಿತು, ಡ್ರಮ್ಮು ಒಂದು ಕೂದಲೆಳೆಯಷ್ಟೂ ಆಚೀಚೆ ಹೋಗಲಿಲ್ಲ. ಬಡಿಸುವವನೊಬ್ಬ ಹಾದುಹೋಗುತ್ತ, "ಇವತ್ತು ಭಾರೀ ಜೋರಿದೆ ಮೇಡಂ!" ಎಂದ. ಕೌಂಟರಿನಿಂದ ನಗುಮುಖದವರು ಹೆಬ್ಬೆರಳೆತ್ತಿ ತೋರಿಸಿದರು.

ಆಮೇಲೆ ಅವಳು ದಿನವೂ ನುಡಿಸುವ ನಿಧಾನದ ಹಾಡೊಂದು ಬಂತು. ಅದರ ಕೊನೆಯ ಸಾಲಿಗೆ ಮೊದಲು ಅವಳು ಯಾವಾಗಲೂ ಒಂದಿಷ್ಟು ತಡೆಯುತ್ತಾಳೆ. ಹಾಗೆ ತಡೆಯುವ ಮುನ್ನ ಅವಳ ಬಲಭುಜ ತುಸು ಕೆಳಗಿಳಿಯುತ್ತದೆ. ಇದನ್ನು ಅವಳು ಯಾರಿಗೂ ಹೇಳಿಕೊಟ್ಟಿದ್ದಲ್ಲ, ಗಡಿಬಿಡಿ ತಾನಾಗಿಯೇ ಕಂಡುಕೊಂಡದ್ದು. ಊರೆಲ್ಲ ಓಡುವವನು ಆ ಭುಜ ಇಳಿದಾಗ ಮಾತ್ರ ಕೋಲುಗಳನ್ನು ಗಾಳಿಯಲ್ಲೇ ಹಿಡಿದು ನಿಲ್ಲುತ್ತಿದ್ದ.

ಭುಜ ಇಳಿಯಿತು. ಅವಳು ತಡೆದಳು.

ಯಂತ್ರ ತಡೆಯಲಿಲ್ಲ. ಟಪ್ ಟಪ್ ಎಂದು ಅವಳನ್ನು ದಾಟಿಕೊಂಡು ಹೊರಟೇಹೋಯಿತು. ಕೊನೆಯ ಸಾಲನ್ನು ಅವಳು ಬಸ್ಸಿನ ಹಿಂದೆ ಓಡುವವಳಂತೆ ಅಟ್ಟಿಸಿಕೊಂಡು ಹೋಗಿ ಹಿಡಿಯಬೇಕಾಯಿತು. ಮೈಯೆಲ್ಲ ಉರಿದುಹೋಯಿತು. ತಲೆ ಎತ್ತಿ ಅಡುಗೆಮನೆಯ ಬಾಗಿಲ ಕಡೆ ನೋಡಿದಳು. ತಮ್ಮ ಸ್ಟೂಲಿನ ಮೇಲೆ ಕೂತಿದ್ದ. ತೊಡೆ ಬಡಿಯುತ್ತಿದ್ದ ಅವನ ಎರಡೂ ಕೈಗಳು ಗಾಳಿಯಲ್ಲಿ ನಿಂತಿದ್ದವು. ಅವನು ಇನ್ನೂ ಅವಳ ಭುಜವನ್ನೇ ಕಾಯುತ್ತಿದ್ದ.

ಅವಳು ಎರಡೂ ಕೈಗಳನ್ನು ಕೀಬೋರ್ಡಿನಿಂದ ತೆಗೆದುಬಿಟ್ಟಳು.

ಸಂಗೀತ ನಿಲ್ಲಲಿಲ್ಲ. ಅವಳು ಕೊನೆಗೆ ಒತ್ತಿದ್ದ ಸ್ವರವನ್ನೇ ಹಿಡಿದುಕೊಂಡು ಡ್ರಮ್ಮು, ಬೇಸು, ಪಿಟೀಲು ಎಲ್ಲವೂ ಸಾಗಿದವು. ಹಾಡು ಮಾತ್ರ ಇರಲಿಲ್ಲ. ಅವಳು ಎದ್ದು ನಿಂತಳು. ಯಾರಾದರೂ ತಲೆ ಎತ್ತಿಯಾರೆಂದು ಕಾದಳು. ಚಮಚಗಳು ತಟ್ಟೆಗಳಿಗೆ ತಾಗುತ್ತಲೇ ಇದ್ದವು, ಮಗುವೊಂದು ನೀರು ಚೆಲ್ಲಿತು, ತಾಯಿ ಬೈದಳು. ಯಾರೂ ತಲೆ ಎತ್ತಲಿಲ್ಲ.

ಈ ಜನರಿಗಾಗಿಯೇ ತಾನು ಪ್ರತಿ ಸಂಜೆ ಭುಜ ಇಳಿಸುತ್ತಿದ್ದದ್ದು? ಅವಳಿಗೆ ಅಳು ಬರಬೇಕಿತ್ತು. ಬಂದದ್ದು ಸಿಟ್ಟು, ಈ ಸಲ ತಣ್ಣಗಿನದು. ಆ ತಣ್ಣನೆಯಲ್ಲಿ ಒಂದು ವಿಷಯ ಸ್ಪಷ್ಟವಾಯಿತು. ಇಷ್ಟು ದಿನ ಅವಳ ಹಾಡನ್ನು ಸರಿಯಾಗಿ ಕೇಳುತ್ತಿದ್ದವನು ಈ ಹಾಲ್‌ನಲ್ಲಿ ಒಬ್ಬನೇ. ಅವನನ್ನೇ ಹೊರಗೆ ಹಾಕಿ ಇಲ್ಲಿ ಕೂತರೆ ಅವಳು ನುಡಿಸುವುದು ಯಾರಿಗೆ?

ಸ್ಟೂಲಿನ ಬಳಿ ಹೋಗಿ, "ಏಳು," ಎಂದಳು.

"ಅಕ್ಕ, ಅದು ಇನ್ನೂ ಬಡ್ಕೊಳ್ತಿದೆ. ಆಫ್ ಮಾಡ್ಲಾ?"

"ಮುಟ್ಬೇಡ."

ಬಾಗಿಲ ಹತ್ತಿರ ನಗುಮುಖದವರು ಅಡ್ಡ ಬಂದರು. "ಏನ್ ಮೇಡಂ, ಇಷ್ಟು ಬೇಗ? ಎಷ್ಟು ಚೆನ್ನಾಗಿ ಹೋಗ್ತಿತ್ತು!"

"ಈಗ್ಲೂ ಹೋಗ್ತಿದೆಯಲ್ಲ ಸಾರ್, ಕೇಳಿ."

ಅವರು ಕಿವಿಗೊಟ್ಟರು. ಖಾಲಿ ಕುರ್ಚಿ ನೋಡಿದರು. ಅವಳನ್ನು ನೋಡಿದರು. "ಹಾಗಾದ್ರೆ... ಯಾರು ನುಡಿಸ್ತಿರೋದು?"

"ಯಾರೂ ಇಲ್ಲ. ನಿಮಗೆ ಬೇಕಾಗಿದ್ದೂ ಅದೇ ಅಲ್ವಾ? ನಾನು ಕೊಳ್ಳಲ್ಲ. ನಾಳೆ ಅಂಗಡಿಯವನು ಬರ್ತಾನೆ, ನೀವೇ ಕೊಂಡ್ಕೊಳ್ಳಿ. ತಮ್ಮನಿಗೆ ಕೆಲಸ ಇಲ್ಲ ಅಂತ ನೀವೇ ಹೇಳಿದ್ರಲ್ಲ. ನಂಗೂ ಬೇಡ ಅಂತ ನಾನೇ ಹೇಳ್ತಿದೀನಿ."

ಮೊದಲ ಬಾರಿಗೆ ಆ ಮುಖದಿಂದ ನಗು ಜಾರಿತು. "ಅಯ್ಯೋ, ಇದನ್ನ ನಿಲ್ಸೋದು ಹೇಗೆ ಅಂತಾದ್ರೂ ಹೇಳಿ ಹೋಗಿ!"

"ಒಂದು ಬೆರಳು ಸಾಕಂತೆ," ಎಂದಳು ಅವಳು. "ಹುಡುಕಿ."

ಹೊರಗೆ ಬೀದಿದೀಪಗಳು ಆಗತಾನೆ ಹೊತ್ತಿದ್ದವು. ಗೋಡೆಯಾಚೆಯಿಂದ ಇನ್ನೂ ಅದೇ ಟಪ್ ಟಪ್ ಕೇಳುತ್ತಿತ್ತು. ಇಬ್ಬರೂ ಸ್ವಲ್ಪ ದೂರ ನಡೆದರು. ಮಾಡಿದ್ದು ತಪ್ಪೋ ಸರಿಯೋ ಎಂದು ಅವಳು ಇನ್ನೂ ತೂಗಿ ನೋಡುತ್ತಿದ್ದಳು.

"ತಲೆ ಕೆಟ್ಟಿದೆ ನಿಂಗೆ," ಎಂದ ತಮ್ಮ ಕೊನೆಗೆ. ಅಂತೂ ಅವನಿಗೂ ಸಿಟ್ಟು ಬಂದಿತ್ತು. "ನನ್ನ ಡ್ರಮ್ ಇನ್ನೂ ಅವರ ಉಗ್ರಾಣದಲ್ಲೇ ಇದೆ. ಆ ಮನುಷ್ಯ ಅದರ ಮೇಲೂ ಕಪ್-ಸಾಸರ್ ಇಟ್ರೆ ನೋಡು, ಒಂದೊಂದನ್ನೇ ಒಡೀತೀನಿ!"

ಹಾಗೆಂದವನೇ ಗಕ್ಕನೆ ತಿರುಗಿ ಹೋಟೆಲಿನ ಕಡೆ ಬಿರಬಿರನೆ ಹೊರಟ.

"ಓಡ್ಬೇಡ," ಎಂದು ಕೂಗಿದಳು ಅವಳು, ಸೆರಗು ಸಿಕ್ಕಿಸಿಕೊಂಡು ಅವನ ಹಿಂದೆ ಹೆಜ್ಜೆ ಹಾಕುತ್ತ. "ತಡಿ, ನಾನೂ ಬರ್ತೀನಿ."