ಎರಡೇ ಸೀಟು

"ಅಕ್ಕಾ, ಕಾರು ಸ್ವಲ್ಪ ತಗೀ. ಶವವಾಹಿನಿ ಒಳಗ ಬರವಲ್ದು," ಎಂದು ಚಿಕ್ಕಪ್ಪನ ಮಗ ಮಧ್ವೇಶ ಕೀಲಿಕೈ ಚಾಚಿದ.

ಮಂಜರಿ ಅದನ್ನು ತೆಗೆದುಕೊಂಡು ಗೇಟಿನತ್ತ ನಡೆದಳು. ಅವಳ ಅಪ್ಪ ಪಂಢರಿನಾಥರು ಬೆಳಗಿನ ಜಾವ ನಿದ್ದೆಯಲ್ಲೇ ತೀರಿಕೊಂಡಿದ್ದರು. ಕೊಲ್ಹಾಪುರದಿಂದ ಅವಳು ಬಂದು ಮುಟ್ಟುವಷ್ಟರಲ್ಲಿ ಹನ್ನೊಂದಾಗಿತ್ತು. ಧನಕವಡಿಯ ಆ ಹಳೆಯ ಸೊಸೈಟಿಯ ಅಂಗಳದಲ್ಲಿ, ಸ್ಕೂಟರುಗಳ ನಡುವೆ, ಅಪ್ಪನ ಕೆಂಪು ಕಾರು ನಿಂತಿತ್ತು. ಗಿಡ್ಡ ಕಾರು. ಎರಡೇ ಸೀಟು. ಗುಂಡಿ ಒತ್ತಿದರೆ ಗಟ್ಟಿ ತಗಡಿನ ಚಾವಣಿ ಮಡಚಿಕೊಂಡು ಡಿಕ್ಕಿಯೊಳಗೆ ಹೋಗುತ್ತದೆ. ಮೂವತ್ತೆರಡು ವರ್ಷ ಕಾಲೇಜಿನ ಲೈಬ್ರರಿ ನೋಡಿಕೊಂಡ, ಎರಡೇ ಸ್ವೆಟರಿನಲ್ಲಿ ಚಳಿಗಾಲಗಳನ್ನೆಲ್ಲ ಕಳೆದ ಮನುಷ್ಯ ಧಾರವಾಡದ ಸೈಟು ಮಾರಿ ಕೊಂಡದ್ದು ಇದನ್ನು.

"ಅಪ್ಪಾ, ನಾ ಬಂದ್ರ ಎಲ್ಲಿ ಕೂಡ್ಲಿ?" ಎಂದು ಅವಳು ಆಗ ಫೋನಿನಲ್ಲಿ ಕೇಳಿದ್ದಳು. ಅಪ್ಪ ಸುಮ್ಮನೆ ನಕ್ಕಿದ್ದರು. ಆ ಸಿಟ್ಟಿಗೆ ಎರಡು ವರ್ಷ ಅವಳು ಕಾರು ಮುಟ್ಟಿರಲಿಲ್ಲ.

ಅದನ್ನು ರಸ್ತೆಯಂಚಿಗೆ ನಿಲ್ಲಿಸಿ ಬರುವಾಗ ಅಪ್ಪನನ್ನು ಶವವಾಹಿನಿಗೆ ಏರಿಸಿಯಾಗಿತ್ತು. ಅವ್ವ ಗೋದಾ ಹಿಂದೆಯೇ ಬಂದಳು.

"ನೀವ ಎಲ್ಲಿಗೆ ವೈನಿ? ಹೆಣ್ಮಕ್ಕಳು ಸ್ಮಶಾನಕ್ಕ ಹೋಗೂದಿಲ್ರಿ," ಎಂದಳು ಅಪ್ಪನ ತಂಗಿ ಅನುಸೂಯಾ.

"ನಲವತ್ತಾರು ವರ್ಷ ಅವರ ಬಾಜೂಕ ಕೂತೀನಿ. ಇವತ್ತೊಂದಿನ ಮನ್ಯಾಗ ಕೂಡು ಅಂದ್ರ ಹೆಂಗ?"

ಅನುಸೂಯಾ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಆದರೆ ಶವವಾಹಿನಿಯ ಮೆಟ್ಟಿಲಿಗೆ ಒಂದು ಕಾಲಿಟ್ಟ ಗೋದಾ ಅಲ್ಲೇ ನಿಂತುಬಿಟ್ಟಳು. ಹಣೆಯೆಲ್ಲ ಬೆವರು.

"ಆಗವಲ್ದು ಮಂಜರಿ. ಉಸರ ಕಟ್ಟತದ."

"ಏನಾತವ್ವಾ?"

"ಮುಚ್ಚಿದ ಗಾಡ್ಯಾಗ ಕೂಡಾಕ ನನಗ ಆಗೂದಿಲ್ಲ. ಹುಚ್ಚು ಹಿಡದದ ಅಂತೀ ಅಂತ ನಿನಗ ಹೇಳಿರಲಿಲ್ಲ. ನಿಮ್ಮಪ್ಪಗೂ ಆಣಿ ಹಾಕಿದ್ದೆ."

*

ಮೂರು ವರ್ಷದ ಹಿಂದೆ ಪರಿಚಯದವರ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ, ದೀಪವಿಲ್ಲದೆ, ಗೋದಾ ಒಬ್ಬಳೇ ಎರಡು ತಾಸು ಸಿಕ್ಕಿಕೊಂಡಿದ್ದಳು. ಅಂದಿನಿಂದ ಬಸ್ಸು, ಟ್ಯಾಕ್ಸಿ ಯಾವುದೂ ಆಗದಾಯಿತು. ಪಂಢರಿನಾಥರಿಗೆ ಸೊಂಟದ ಆಪರೇಶನ್ ಆದಮೇಲೆ ಅವರ ಸ್ಕೂಟರೂ ನಿಂತಿತು. ಬೆಳಗಾವಿಯಲ್ಲಿ ಹಾಸಿಗೆ ಹಿಡಿದ ಅಕ್ಕನನ್ನು ನೋಡುವ ಆಸೆಯನ್ನು ಗೋದಾ ಕೈಬಿಟ್ಟಿದ್ದಳು.

ಒಂದು ದಿನ ಪಂಢರಿನಾಥರು ಅವಳನ್ನು ಎರಡೂ ಬದಿ ತೆರೆದ ಆಟೋದಲ್ಲಿ ವಿಮಾನ ನಗರದ ಹಳೆ ಕಾರಿನ ಅಂಗಡಿಗೆ ಕರೆದೊಯ್ದರು.

"ಕಾಕಾ, ಮುಲಾಸಾಠೀ ಕಾ?" ಮಗನಿಗೋ ಎಂದು ಅಂಗಡಿಯವನು ಮರಾಠಿಯಲ್ಲಿ ಕೇಳಿದ.

"ನಾಹೀ, ಬಾಯಕೋಸಾಠೀ," ಹೆಂಡತಿಗೆ ಎಂದರು ಪಂಢರಿನಾಥರು, ನಗದೆ.

ಚಾವಣಿ ತೆರೆದಿತ್ತು. ಗೋದಾ ಒಳಗೆ ಕೂತು ಕೇಳಿದಳು, "ಮಳಿ ಬಂದ್ರ?"

"ನೀನ ಮುಚ್ಚು. ಆಗವಲ್ದು ಅನಿಸಿದ್ರ ನೀನ ತಗಿ. ಗುಂಡಿ ನಿನ್ನ ಕೈಯಾಗ ಇರ್ತದ. ನಾ ಮುಟ್ಟೂದಿಲ್ಲ."

ಅವಳು ಮುಚ್ಚಿದಳು, ಗಾಬರಿಯಾಗಿ ತೆರೆದಳು. ಮತ್ತೆ ಮುಚ್ಚಿ ತೆರೆದಳು. ಮೂರನೆಯ ಸಲ ಮುಚ್ಚಿ ಹತ್ತು ಎಣಿಸುವತನಕ ಒಳಗಿದ್ದಳು.

ಮಂಜರಿಯ ಫೋನು ಬಂದದ್ದು ಅದೇ ವಾರ. ನಕ್ಕು ಫೋನಿಟ್ಟ ಮೇಲೆ ಪಂಢರಿನಾಥರು ಗೋದಾಳತ್ತ ತಿರುಗಿದರು. "ಆಕಿ ಬಂದ್ರ ನೀವಿಬ್ಬರು ಕಾರಿನ್ಯಾಗ ಹೋಗ್ರಿ. ನಾ ಹಿಂದ ಆಟೋದಾಗ ಬರ್ತೀನಿ," ಎಂದರು.

ಮುಂದಿನ ತಿಂಗಳು, ಹಿಂದಿನ ಲಾರಿಗಳೆಲ್ಲ ಹಾರ್ನ್ ಹೊಡೆಯುತ್ತಿದ್ದರೂ ನಿಧಾನವಾಗಿ, ಇಬ್ಬರೂ ಬೆಳಗಾವಿ ಮುಟ್ಟಿದರು. ಅಕ್ಕ ಹಾಸಿಗೆಯಿಂದಲೇ ತಂಗಿಯ ಕೆನ್ನೆ ಸವರಿದಳು. "ಗೋದೀ, ಬಿಸಲಿಗೆ ಎಷ್ಟ ಕರ್ರಗಾಗೀಯಲ್ಲ!"

*

ಮಂಜರಿ ಓಡಿಹೋಗಿ ಕಾರು ತಂದಳು. ಚಾವಣಿ ಹಿಂದಕ್ಕೆ ಸರಿಯಿತು.

"ಇಂಥಾ ಗಾಡ್ಯಾಗ ಸ್ಮಶಾನಕ್ಕ? ಮಂದಿ ಏನಂದಾರು?" ಎಂದಳು ಅನುಸೂಯಾ. ಆಮೇಲೆ ತಾನೇ ಬಾಗಿ, ವೈನಿಯ ಸೀರೆ ಬಾಗಿಲಿಗೆ ಸಿಗದಂತೆ ಒಳಗೆ ಸೇರಿಸಿದಳು.

ಶವವಾಹಿನಿ ಮುಂದೆ, ಕಾರು ಹಿಂದೆ. ಸಾತಾರಾ ರಸ್ತೆಯ ಸಿಗ್ನಲ್ಲಿನಲ್ಲಿ ಬಸ್ಸಿನ ಜನ ಬಗ್ಗಿ ನೋಡಿದರು. ಗೋದಾ ಯಾರನ್ನೂ ನೋಡಲಿಲ್ಲ. ಮುಂದಿನ ಗಾಡಿಯ ಕಿಟಕಿಯಿಂದ ಮಧ್ವೇಶ ಶವದ ದಾರಿಗೆ ಶಾಸ್ತ್ರದ ಚುರಮರಿ ತೂರುತ್ತಿದ್ದ. ಗಾಳಿಗೆ ಅದು ಹಿಂದಕ್ಕೆ ಹಾರಿ ತೆರೆದ ಕಾರಿನೊಳಗೆ, ಮಂಜರಿಯ ಕೂದಲಲ್ಲಿ, ಗೋದಾಳ ತೊಡೆಯ ಮೇಲೆ ಬೀಳತೊಡಗಿತು. ಗೋದಾ ಅದನ್ನು ಕೊಡವಲಿಲ್ಲ. ಎರಡೂ ಕೈಯಿಂದ ಸೆರಗು ಹಿಡಿದು ಉಡಿಯೊಡ್ಡಿದಳು.